ಸಾಲಾರ್ ಜಂಗರ ಸಂಗ್ರಹ

ಚಹವು ದುಬಾರಿಯಾಗಿದ್ದ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದನ್ನು ಮರದ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಚಹವು ಅಗ್ಗವಾಯಿತು, ಪೆಟ್ಟಿಗೆಗಳು ಕಾಲಾನಂತರ ಸಂಗ್ರಾಹಕರ ಪಾಲಾದವು. ಹಳೆಯ ವಸ್ತುಗಳ ಮೇಲಣ ಇಂತಹ ಮೋಹಕ್ಕೆ ಬಾಳನ್ನೇ ಮುಡಿಪಾಗಿಟ್ಟವರಲ್ಲಿ ಹೈದರಾಬಾದಿನ ಮೂರನೆಯ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನರು, ಅಗ್ರಗಣ್ಯರು. ಅವರ ಕಥೆ ಕನ್ನಡಿಗರಿಗೆ ಹೊರಗಿನದಲ್ಲ. ನಮ್ಮ ಕೊಪ್ಪಳವು ಅವರ ಮನೆತನದ ಜಹಗೀರಾಗಿತ್ತು.

1889ರಲ್ಲಿ ಪುಣೆಯಲ್ಲಿ ಜನಿಸಿದ ಅವರು ತಿಂಗಳು ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಅಜ್ಜ ಮೊದಲನೆಯ ಸಾಲಾರ್ ಜಂಗರು ಮೂವತ್ತು ವರ್ಷ ನಿಜಾಮರ ದಿವಾನರಾಗಿದ್ದವರು. ಮೊಮ್ಮಗನಿಗೂ 1912ರಲ್ಲಿ ಆ ಪದವಿ ದೊರೆಯಿತು. ಆದರೆ 1914ರಲ್ಲಿಯೇ ಅಧಿಕಾರವನ್ನು ತೊರೆದು ಅವರು ಸಂಗ್ರಹದಲ್ಲಿ ಮುಳುಗಿದರು. ವಿವಾಹವಾಗಲಿಲ್ಲ. ದಿವಾನ್ ದೇವಡಿಯ ಕೋಣೆಗಳು ಪೀಠೋಪಕರಣ, ಗಡಿಯಾರ, ಪಿಂಗಾಣಿ, ದಂತ, ಹಸ್ತಪ್ರತಿಗಳಿಂದ ತುಂಬಿದವು. ವಸ್ತುಗಳ ಸಂಖ್ಯೆ 40,000ವನ್ನು ಮೀರಿತು.

ಅವುಗಳಲ್ಲಿ ಮರದ ಶಿಲ್ಪವೊಂದಿದೆ. ಸಿಕಮೋರ್ ಮರದ ಒಂದೇ ದಿಮ್ಮಿಯಲ್ಲಿ ಮುಂದೆ ಗರ್ವದಿಂದ ನಿಂತ ಮೆಫಿಸ್ಟೊಫಿಲಿಸ್, ಹಿಂದೆ ತಲೆಬಾಗಿದ ಮಾರ್ಗರೆಟ್ಟ. ಹಿಂದಣ ರೂಪವು ಕನ್ನಡಿಯಲ್ಲಿ ಕಾಣುತ್ತದೆ. ಈ ಸಂಗ್ರಹಕ್ಕೂ ಹಾಗೆಯೇ ಎರಡು ಮುಖಗಳು. ಮುಂದಿರುವುದು ರಸಿಕನ ಸಂಪತ್ತು. ಹಿಂದಿರುವುದು ಕೊಪ್ಪಳದಂತಹ ಜಹಗೀರುಗಳ ರೈತನು ತೆತ್ತ ಕಂದಾಯ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆಗಳನ್ನು ಕೆತ್ತುವ ಚಿತ್ರಗಾರರಿದ್ದಾರೆ. ಯುರೋಪಿನ ಮರಗೆಲಸವನ್ನು ಕಂಡು ಬೆರಗಾಗುವ ನಾವು ಅವರನ್ನು ಮರೆಯುವುದು ನ್ಯಾಯವಲ್ಲ. ಹಾಗೆಂದು ಸಾಲಾರ್ ಜಂಗರನ್ನು ಬರಿಯ ಭೋಗಿಯೆಂದು ತಳ್ಳಿಹಾಕುವುದೂ ಸಲ್ಲದು. ಸಿರಿವಂತರನೇಕರು ಕರಗಿಸಿದ ಹಣ ಕುರುಹಿಲ್ಲದೆ ಹೋಯಿತು; ಇವರ ಹಣ ವಸ್ತುಗಳಾಗಿ ಉಳಿಯಿತು.

1949ರ ಮಾರ್ಚಿಯಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದು ಸಂಸ್ಥಾನದ ಜಹಗೀರುಗಳು ರದ್ದಾದವು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಅದು ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಬಂದಿತು.

ಒಬ್ಬರ ಮನೆಯೊಳಗೆ ಬೀಗದಲ್ಲಿದ್ದುದು ಹೀಗೆ ಎಲ್ಲರದಾಯಿತು. ಕಂದಾಯ ತೆತ್ತ ಕೊಪ್ಪಳದ ರೈತನ ಮೊಮ್ಮಕ್ಕಳು ಇಂದು ಅಲ್ಲಿಗೆ ಹೋದರೆ ಪರರ ವೈಭವವನ್ನು ಕಂಡು ಬೆರಗಾಗಬೇಕಾಗಿಲ್ಲ. ಅದರಲ್ಲಿ ತಮ್ಮ ಪಾಲೂ ಇದೆಯೆಂದು ತಲೆಯೆತ್ತಿ ನೋಡಬಹುದು.