ಟೆನಿಸ್ ವೀರ ಆರ್ಥರ್ ಆಶ್

ಈ ಸಲದ ಗೋಡೆ ಪತ್ರಿಕೆಗೆ ನಾನು ಆರ್ಥರ್ ಆಶ್ ಎಂಬ ಆಟಗಾರರ ಜೀವನ ಚರಿತ್ರೆ ಬರೆದಿದ್ದೇನೆ.

ಕಬಡ್ಡಿ, ಖೋ ಖೋ ನಮಗೆಲ್ಲ ಗೊತ್ತು. ಟೆನಿಸ್ ಮಾತ್ರ ನಮ್ಮೂರಲ್ಲಿ ಯಾರೂ ಆಡಲ್ಲ. ಅದು ಹುಟ್ಟಿದಾಗ ಸಾಹುಕಾರರ ಆಟ. 1870ರ ದಶಕದಲ್ಲಿ ಇಂಗ್ಲೆಂಡಿನ ಶ್ರೀಮಂತರು ಬಂಗಲೆ ಮುಂದಿನ ಹುಲ್ಲಿನ ಮೇಲೆ ಇದನ್ನು ಆಡತೊಡಗಿದರು. 1877ರಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಆಟ ಕ್ಲಬ್ಬುಗಳಲ್ಲಿ ಬೆಳೆಯಿತು. ಅಮೆರಿಕದಲ್ಲಿ ಎಷ್ಟೋ ಕ್ಲಬ್ಬುಗಳು ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲ.

ಅಂಥಾ ಕಾಲದಲ್ಲಿ, 1943ನೇ ಇಸವಿ ಜುಲೈ 10ರಂದು, ಅಮೆರಿಕದ ರಿಚ್ಮಂಡ್ ಪಟ್ಟಣದ ಕಪ್ಪು ಕುಟುಂಬವೊಂದರಲ್ಲಿ ಆರ್ಥರ್ ಹುಟ್ಟಿದರು. ಆರು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಕಪ್ಪು ಜನರಿಗೆಂದೇ ಇದ್ದ ಆಟದ ಮೈದಾನವನ್ನು ನೋಡಿಕೊಳ್ಳುತ್ತಿದ್ದರು. ಮನೆಯೂ ಅಲ್ಲೇ. ಆದ್ದರಿಂದ ಹುಡುಗನ ಕೈಗೆ ಟೆನಿಸ್ ರಾಕೆಟ್ ಸಿಕ್ಕಿತು. ಆದರೆ ಅದೇ ಊರಿನ ಇನ್ನೊಂದು ಪಾರ್ಕಿನ ಒಳ್ಳೆಯ ಅಂಕಣಗಳು ಬಿಳಿಯರಿಗೆ ಮಾತ್ರ. ಅಲ್ಲಿ ಆಡಲು ಅವರಿಗೆ ಅವಕಾಶ ಸಿಗಲಿಲ್ಲ.

ಆಮೇಲೆ ರಾಬರ್ಟ್ ವಾಲ್ಟರ್ ಜಾನ್ಸನ್ ಎಂಬ ಡಾಕ್ಟರು ಗುರುವಾದರು. 1957ರಲ್ಲಿ ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿ ಆಲ್ತಿಯಾ ಗಿಬ್ಸನ್ ಅವರನ್ನೂ ತಯಾರು ಮಾಡಿದವರು ಇವರೇ. ಗುರುಗಳ ನಿಯಮ ವಿಚಿತ್ರ. ಚೆಂಡು ಗೆರೆಯಿಂದ ಸ್ವಲ್ಪ ಆಚೆ ಬಿದ್ದರೂ ಒಳಗೇ ಬಿತ್ತು ಅಂತ ಒಪ್ಪಿ ಆಡಬೇಕು, ಅಂಪೈರ್ ಜೊತೆ ಜಗಳ ಆಡಬಾರದು. ಯಾಕೆ ಗೊತ್ತಾ? ಕಪ್ಪು ಹುಡುಗ ಬಾಯಿ ತೆರೆದರೆ ಸಾಕು, ಹೊರಗೆ ಹಾಕೋಕೆ ಒಂದು ನೆಪ ಸಿಗುತ್ತಿತ್ತು. ಇದನ್ನು ಓದಿ ನನಗೆ ಬಹಳ ಸಿಟ್ಟು ಬಂತು. ತಪ್ಪು ಮಾಡದವರೇ ಯಾಕೆ ಸಹಿಸಬೇಕು?

1968ರಲ್ಲಿ ಆಶ್ ಮೊದಲನೆಯ ಯುಎಸ್ ಓಪನ್ ಗೆದ್ದರು. ಆಗ ಅವರು ಸೈನ್ಯದಲ್ಲಿದ್ದರು, ಹವ್ಯಾಸಿ ಆಟಗಾರ. ಆದ್ದರಿಂದ 14,000 ಡಾಲರ್ ಬಹುಮಾನ ಅವರಿಗೆ ಸಿಗಲಿಲ್ಲ, ಸೋತ ಟಾಮ್ ಆಕರ್ ಅವರಿಗೆ ಹೋಯಿತು! 1975ರಲ್ಲಿ ವಿಂಬಲ್ಡನ್ ಫೈನಲ್. ಎದುರಾಳಿ ಜಿಮ್ಮಿ ಕಾನರ್ಸ್‌ಗೆ 22 ವರ್ಷ, ಇವರಿಗೆ 32 ತುಂಬಲು ಐದೇ ದಿನ ಬಾಕಿ. ಕಾನರ್ಸ್‌ಗೆ ಜೋರು ಚೆಂಡು ಇಷ್ಟ. ಆಶ್ ಬೇಕೆಂತಲೇ ಮೆಲ್ಲಗೆ ಹೊಡೆದು, ತಲೆ ಓಡಿಸಿ ಗೆದ್ದರು. ವಿಂಬಲ್ಡನ್ ಪುರುಷರ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಆಟಗಾರ ಅವರೇ.

ಆಟದ ಹೊರಗೆ ಅವರು ಸುಮ್ಮನಿರಲಿಲ್ಲ. ವರ್ಣಭೇದವಿದ್ದ ದಕ್ಷಿಣ ಆಫ್ರಿಕಾ 1969 ಮತ್ತು 1970ರಲ್ಲಿ ವೀಸಾ ಕೊಡಲಿಲ್ಲ. ಬಿಡದೆ ಕೇಳಿ 1973ರಲ್ಲಿ ಅಲ್ಲಿ ಹೋಗಿ ಆಡಿದರು. ಹೃದಯದ ಆಪರೇಷನ್ ವೇಳೆ ಕೊಟ್ಟ ರಕ್ತದಿಂದ ಅವರಿಗೆ ಏಡ್ಸ್ ತಗಲಿತು. ಜನ ಆ ರೋಗಿಗಳನ್ನು ದೂರ ಇಡುತ್ತಿದ್ದ ಕಾಲವದು. 1992ರಲ್ಲಿ ವಿಷಯ ತಿಳಿಸಿದ ಮೇಲೆ ರೋಗದ ಬಗ್ಗೆ ಎಲ್ಲರಿಗೂ ತಿಳುವಳಿಕೆ ಹೇಳುತ್ತಾ ಓಡಾಡಿದರು. 1993ರ ಫೆಬ್ರವರಿ 6ರಂದು, 49ನೇ ವಯಸ್ಸಿಗೆ ತೀರಿಕೊಂಡರು.

1996ರಲ್ಲಿ ರಿಚ್ಮಂಡ್‌ನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ರಾಕೆಟ್, ಸುತ್ತ ಮಕ್ಕಳು. ಆ ಬೀದಿಯಲ್ಲಿ ಮೊದಲಿದ್ದದ್ದು ಗುಲಾಮಗಿರಿ ಉಳಿಸಲು ಹೊರಟ ಪಕ್ಷದ ಮುಖಂಡರ ಪ್ರತಿಮೆಗಳು. 2020 ಮತ್ತು 2021ರಲ್ಲಿ ಅವನ್ನೆಲ್ಲ ತೆಗೆದರು, ಆಶ್ ಪ್ರತಿಮೆ ಉಳಿಯಿತು.

ಗೆಳೆಯರೇ, ಕೊನೆಗೊಂದು ಮಾತು. ಸಂಜೆ ಬಯಲಲ್ಲಿ ಆಡುವಾಗ ಹುಡುಗಿಯರಾದ ನಮಗೆ, ಚಿಕ್ಕ ಮಕ್ಕಳಿಗೆ ಚೆಂಡು ಹೆಕ್ಕಿ ಕೊಡೋ ಕೆಲಸ ಮಾತ್ರ ಸಿಗುತ್ತೆ. ಆಶ್ ಕಥೆ ಓದಿದ ಮೇಲಾದರೂ ನಮ್ಮ ಕೈಗೂ ಬ್ಯಾಟು ಕೊಡಿ. ಚೆನ್ನಾಗಿ ಆಡ್ತೀವೋ ಇಲ್ಲವೋ ಆಮೇಲೆ ಹೇಳಿ.