ಗಣಿಯ ಗಾಳಿ ಪರೀಕ್ಷಿಸಿದ ದೀಪ: ಹಂಫ್ರಿ ಡೇವಿ

ಮಕ್ಕಳೇ, ಮಾನ್ವಿ, ದೇವದುರ್ಗ ಕಡೆಯ ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ನೀವು ನೋಡಿರುತ್ತೀರಿ. ನೀರು ನಿಂತ ಕೆಸರಿನಲ್ಲಿ ಕಾಲಿಟ್ಟರೆ ಬುಳಬುಳನೆ ಗುಳ್ಳೆಗಳು ಏಳುತ್ತವೆ. ಅವುಗಳಲ್ಲಿ ಮೀಥೇನ್ ಎಂಬ ಅನಿಲ ಇರುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಬಯಲಿನಲ್ಲಿ ಇದು ಗಾಳಿಯೊಡನೆ ಬೆರೆತು ಹೋಗುತ್ತದೆ. ಆದರೆ ಕಲ್ಲಿದ್ದಲು ಗಣಿಯ ಸುರಂಗದಲ್ಲಿ ಸಂಗ್ರಹವಾಗುತ್ತದೆ. ಗಾಳಿಯ 100 ಭಾಗದಲ್ಲಿ 5ರಿಂದ 15 ಭಾಗ ಮೀಥೇನ್ ಇದ್ದಾಗ ಒಂದು ಕಿಡಿ ತಗುಲಿದರೆ ಸಾಕು, ಅದು ಸ್ಫೋಟಗೊಳ್ಳುತ್ತದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ನೋಡಿದ್ದೀರಲ್ಲವೇ? ಇಂಥ ಕಲ್ಲಿದ್ದಲನ್ನು ನೆಲದಾಳದಿಂದ ಅಗೆದು ತರುವವರ ಪ್ರಾಣ ಉಳಿಸಲು ಶ್ರಮಿಸಿದ ವಿಜ್ಞಾನಿ ಹಂಫ್ರಿ ಡೇವಿ.

ಬಾಲ್ಯ

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಪೆನ್‌ಜಾನ್ಸ್ ಎಂಬ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸ ಮಾಡುತ್ತಿದ್ದ. 1794ರಲ್ಲಿ ತಂದೆ ತೀರಿಕೊಂಡ. ಐವರು ಮಕ್ಕಳಲ್ಲಿ ಡೇವಿಯೇ ಹಿರಿಯ. ಮರುವರ್ಷ ಅವನು ಊರಿನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಕಾಲೇಜಿನ ಮೆಟ್ಟಿಲು ಹತ್ತದ ಈ ಹುಡುಗ ಪುಸ್ತಕ ಓದಿ, ಸಿಕ್ಕ ಸಾಮಾನುಗಳಲ್ಲೇ ಪ್ರಯೋಗ ಮಾಡಿ ರಸಾಯನಶಾಸ್ತ್ರ ಕಲಿತ.

1798ರಲ್ಲಿ ಬ್ರಿಸ್ಟಲ್ ನಗರದ ಸಂಸ್ಥೆಯೊಂದರಲ್ಲಿ ಅನಿಲಗಳ ಅಧ್ಯಯನ ಆರಂಭಿಸಿದ. ಅನಿಲಗಳನ್ನು ತಾನೇ ಉಸಿರಾಡಿ ನೋಡುತ್ತಿದ್ದ. ಒಮ್ಮೆ ಕಾರ್ಬನ್ ಮೊನಾಕ್ಸೈಡ್ ಬೆರೆತ ಅನಿಲವನ್ನು ಸೇವಿಸಿ ಸಾವಿನ ಅಂಚಿಗೆ ಹೋಗಿ ಬಂದ. ನೀವು ಎಂದೂ ಹೀಗೆ ಮಾಡಬಾರದು. ಮುಂದೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ. 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಬೇರ್ಪಡಿಸಿ ಹೆಸರುವಾಸಿಯಾದ.

ದೀಪ ಬಂತು

1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಸತ್ತರು. ಅವರಲ್ಲಿ ಬಾಲಕರೂ ಇದ್ದರು. ಆಗ ಬೆಳಕಿಗಾಗಿ ಗಣಿಯೊಳಗೆ ಬತ್ತಿ ಉರಿಸುತ್ತಿದ್ದರು. ಆ ಬತ್ತಿಯೇ ಅನಿಲಕ್ಕೆ ಬೆಂಕಿ ಹಚ್ಚುತ್ತಿತ್ತು. ಇದಕ್ಕೆ ಉಪಾಯ ಹುಡುಕುವಂತೆ 1815ರಲ್ಲಿ ಡೇವಿಯನ್ನು ಕೇಳಿಕೊಂಡರು. ಅವನು ಗಣಿಗಳಿಗೆ ಭೇಟಿ ಕೊಟ್ಟ, ಅನಿಲವನ್ನು ತರಿಸಿಕೊಂಡು ಪರೀಕ್ಷಿಸಿದ. ಸಣ್ಣ ಕಣ್ಣಿನ ಲೋಹದ ಜಾಲರಿ ಬೆಂಕಿಯ ಶಾಖವನ್ನು ಹೀರಿಕೊಂಡು ಜ್ವಾಲೆಯನ್ನು ದಾಟಲು ಬಿಡುವುದಿಲ್ಲ ಎಂದು ತಿಳಿಯಿತು. ದೀಪದ ಸುತ್ತ ತಂತಿಜಾಲರಿ ಇಟ್ಟ. ಒಳಗೆ ಬಂದ ಅನಿಲ ಉರಿದರೂ ಬೆಂಕಿ ಹೊರಗೆ ಹಬ್ಬಲಿಲ್ಲ!

ಈ ದೀಪ ಬೆಳಕು ಕೊಡುವುದರ ಜೊತೆಗೆ ಗಾಳಿಯನ್ನೂ ಪರೀಕ್ಷಿಸುತ್ತಿತ್ತು. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೊಪ್ಪಿಗೆ ಕಾಣುತ್ತಿತ್ತು. ಆಮ್ಲಜನಕ ತೀರಾ ಕಡಿಮೆಯಾದರೆ ದೀಪ ಆರುತ್ತಿತ್ತು. ನಮ್ಮ ಕಡೆಯ ಹಿರಿಯರು ಜೋಳ ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಸಮಯ ಬಿಡುತ್ತಿದ್ದರು. ಅವರ ಎಚ್ಚರಿಕೆಯ ಹಿಂದೆಯೂ ಇದೇ ವಿಜ್ಞಾನವಿದೆ.

ಅದೇ ವರ್ಷ ಜಾರ್ಜ್ ಸ್ಟೀಫನ್‌ಸನ್ ಕೂಡ ಇಂಥದೇ ದೀಪ ಮಾಡಿದ್ದ. ಯಾರು ಮೊದಲು ಎಂಬ ವಾದ ಬಹಳ ದಿನ ನಡೆಯಿತು. ಡೇವಿ ತನ್ನ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ತಯಾರಿಸಿಕೊಳ್ಳಬಹುದಾಗಿತ್ತು.

ದೀಪದ ದೋಷಗಳು

ದೀಪ ಬಂದ ಮೇಲೂ ಅಪಘಾತಗಳು ನಿಲ್ಲಲಿಲ್ಲ. ಏಕೆ ಗೊತ್ತೇ? ಜಾಲರಿ ತುಕ್ಕು ಹಿಡಿಯುತ್ತಿತ್ತು. ಒಂದು ತಂತಿ ತುಂಡಾದರೂ ಬೆಂಕಿ ಹೊರಬರಲು ದಾರಿಯಾಗುತ್ತಿತ್ತು. ಗಾಳಿ ಜೋರಾಗಿ ಬೀಸಿದರೆ ಜ್ವಾಲೆ ಜಾಲರಿಯನ್ನು ದಾಟುತ್ತಿತ್ತು. ಬೆಳಕು ಮಂದವಾದ್ದರಿಂದ ಕೆಲವರು ದೀಪವನ್ನೇ ಬಿಚ್ಚುತ್ತಿದ್ದರು. ದೀಪ ಇದೆಯಲ್ಲ ಎಂಬ ಧೈರ್ಯದಿಂದ ಹೆಚ್ಚು ಅನಿಲವಿದ್ದ ಕಡೆಗೂ ಹೋಗುತ್ತಿದ್ದರು. ಕಾರ್ಬನ್ ಮೊನಾಕ್ಸೈಡ್ ವಿಷವನ್ನಂತೂ ದೀಪ ತೋರಿಸುತ್ತಿರಲಿಲ್ಲ. ನಂತರ ಬಂದವರು ದೀಪಕ್ಕೆ ಗಾಜು, ಕಬ್ಬಿಣದ ಕವಚ ಮತ್ತು ಬೀಗ ಸೇರಿಸಿದರು. ಗಣಿಗೆ ಇಳಿಯುವ ಮೊದಲು ದೀಪ ಪರೀಕ್ಷಿಸುವ ಪದ್ಧತಿ ಬಂತು.

ಇಂದಿನ ಯಂತ್ರ

ಕಾಯಿಸಿದ ಪ್ಲಾಟಿನಂ ತಂತಿ ಉರಿಯುವ ಅನಿಲ ಬೆರೆತ ಗಾಳಿಯಲ್ಲಿ ಜ್ವಾಲೆಯಿಲ್ಲದೆಯೇ ಕೆಂಪಗೆ ಹೊಳೆಯುತ್ತದೆ ಎಂದು 1817ರಲ್ಲಿ ಡೇವಿ ತಿಳಿಸಿದ. ಇಂದಿನ ಅನೇಕ ಗ್ಯಾಸ್ ಡಿಟೆಕ್ಟರ್‌ಗಳು ಕೆಲಸ ಮಾಡುವುದು ಇದೇ ತತ್ವದ ಮೇಲೆ. ಅವುಗಳೊಳಗಿನ ಸಣ್ಣ ಮಣಿಯಲ್ಲಿ ಪ್ಲಾಟಿನಂ ಸುರುಳಿ ಇರುತ್ತದೆ. ಅನಿಲ ಉರಿದು ಮಣಿ ಬಿಸಿಯಾದರೆ ಸುರುಳಿಯ ವಿದ್ಯುತ್ ರೋಧ ಹೆಚ್ಚುತ್ತದೆ, ಗಂಟೆ ಬಾರಿಸುತ್ತದೆ.

ಈ ಯಂತ್ರಕ್ಕೂ ತೊಂದರೆಗಳುಂಟು. ಸಿಲಿಕೋನ್ ಆವಿ ತಾಗಿದರೆ ಮಣಿ ಕೆಡುತ್ತದೆ. ಆಗ ಅನಿಲ ಇದ್ದರೂ ಯಂತ್ರ ಸೊನ್ನೆಯನ್ನೇ ತೋರಿಸಬಹುದು. ಸೊನ್ನೆ ಎಂದರೆ ಅನಿಲ ಇಲ್ಲ ಎಂದಾಗಬಹುದು, ಯಂತ್ರ ಕೆಟ್ಟಿದೆ ಎಂದೂ ಆಗಬಹುದು. ಹಾಗಾದರೆ ತಿಳಿಯುವುದು ಹೇಗೆ? ಪ್ರಮಾಣ ಗೊತ್ತಿರುವ ಅನಿಲವನ್ನು ಸ್ವಲ್ಪ ಹಾಯಿಸಿ, ಯಂತ್ರ ಅದನ್ನು ಸರಿಯಾಗಿ ತೋರಿಸುತ್ತದೆಯೇ ಎಂದು ನೋಡಬೇಕು. ಇದನ್ನು ತರಬೇತಿ ಪಡೆದವರೇ ಮಾಡುತ್ತಾರೆ. ಬಾವಿ, ಗುಂಡಿಗಳಲ್ಲಿ ಯಾರಾದರೂ ಕುಸಿದು ಬಿದ್ದರೆ ನೀವು ಇಳಿಯಬೇಡಿ, ಬೇರೆಯವರನ್ನೂ ಇಳಿಯಲು ಬಿಡಬೇಡಿ. ಕೂಡಲೇ 112ಕ್ಕೆ ಕರೆ ಮಾಡಿಸಿ.

ಡೇವಿ 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ಆಗ ಅವನಿಗೆ 50 ವರ್ಷ. ಗಣಿ ಮಾಲೀಕರು ಅವನಿಗೆ ಕೊಟ್ಟಿದ್ದ ಬೆಳ್ಳಿ ಪಾತ್ರೆಗಳನ್ನು ಮುಂದೆ ಕರಗಿಸಿ ಮಾರಿದರು. ಆ ಹಣದಿಂದ ರಸಾಯನಶಾಸ್ತ್ರದ ಡೇವಿ ಪದಕ ಆರಂಭವಾಯಿತು.

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲೇ ಮಾಡಿ. ಪ್ರಯೋಗಾಲಯದ ತಂತಿಜಾಲರಿಯನ್ನು ಇಕ್ಕಳದಲ್ಲಿ ಹಿಡಿದು ಉರಿಯುವ ಮೇಣದಬತ್ತಿಯ ಜ್ವಾಲೆಯ ಮೇಲೆ ಮೆಲ್ಲಗೆ ಇಳಿಸಿ. ಹೊಗೆ ಮೇಲೆ ಬರುತ್ತದೆ, ಜ್ವಾಲೆ ಕೆಳಗೇ ಉಳಿಯುತ್ತದೆ.

ಯೋಚಿಸಿ: ಮೀಥೇನ್ ಗಾಳಿಗಿಂತ ಹಗುರ. ಬಿಸಿಯೂಟದ ಅಡುಗೆ ಕೋಣೆಯ ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಹಾಗಾದರೆ ಆ ಕೋಣೆಯಲ್ಲಿ ಡಿಟೆಕ್ಟರನ್ನು ಎಲ್ಲಿ ಅಳವಡಿಸಬೇಕು, ಸೂರಿನ ಹತ್ತಿರವೋ, ನೆಲದ ಹತ್ತಿರವೋ?