ಗೋಲುರಕ್ಷಕ ಪೀಟರ್ ತಂಗರಾಜ್

ಕಾಲ್ಚೆಂಡಾಟದಲ್ಲಿ ಒಂದು ತಂಡಕ್ಕೆ ಹನ್ನೊಂದು ಮಂದಿ. ಮುಂದಿನವನು ತಪ್ಪಿದರೆ ನಡುವಿನವನು ತಿದ್ದಬಹುದು. ನಡುವಿನವನು ತಪ್ಪಿದರೆ ಹಿಂದಿನವನು ತಿದ್ದಬಹುದು. ಗೋಲುರಕ್ಷಕನು ತಪ್ಪಿದರೆ ತಿದ್ದುವವರು ಯಾರೂ ಇಲ್ಲ. ಅವನ ಬೆನ್ನ ಹಿಂದೆ ಇರುವುದು ಬಲೆಯೊಂದೇ. ಆದುದರಿಂದಲೇ ಶಾಲೆಯ ಬಯಲಿನಲ್ಲಿ ತಂಡ ಕಟ್ಟುವಾಗ ಎಲ್ಲರೂ ಗೋಲು ಹೊಡೆಯಲು ಮುಂದಾಗುವರು. ಗೋಲು ಕಾಯಲು ಹೋಗೆಂದರೆ ಹುಡುಗರ ಮುಖ ಬಾಡುವುದು. ಯಾರೂ ಬಯಸದ ಆ ಸ್ಥಾನದಲ್ಲಿ ನಿಂತು ಏಷ್ಯಾ ಖಂಡದಲ್ಲೆಲ್ಲ ಹೆಸರು ಪಡೆದವರೊಬ್ಬರು ನಾವು ವಾಸಿಸುವ ಈ ಹೈದರಾಬಾದಿನಲ್ಲಿಯೇ ಜನಿಸಿದರು. ಅವರೇ ಪೀಟರ್ ತಂಗರಾಜ್.

ತಂಗರಾಜರು ಹುಟ್ಟಿದ್ದು 1935ನೆಯ ಡಿಸೆಂಬರ್ 24ರಂದು. ಅವರ ಬಾಲ್ಯದ ಕಾಲದಲ್ಲಿ ಈ ಅವಳಿ ನಗರಗಳು ಕಾಲ್ಚೆಂಡಾಟದ ತವರಾಗಿದ್ದವು. ಹೈದರಾಬಾದು ನಗರ ಪೊಲೀಸ್ ತಂಡವು 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಸತತವಾಗಿ ಐದು ಸಲ ಗೆದ್ದಿತು. ಆ ತಂಡವನ್ನು ತಿದ್ದಿದವರು ಸೈಯದ್ ಅಬ್ದುಲ್ ರಹೀಮ್ ಎಂಬ ಮಹನೀಯರು. ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಮುಂದೆ ಭಾರತ ತಂಡಕ್ಕೂ ಗುರುಗಳಾದರು. ಇಂತಹ ಊರಿನಲ್ಲಿ ಬೆಳೆದ ಹುಡುಗನಿಗೆ ಚೆಂಡಿನ ಹುಚ್ಚು ಹಿಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

1953ರಲ್ಲಿ ತಂಗರಾಜರು ಭಾರತೀಯ ಸೇನೆಗೆ ಸೇರಿ, ಮದ್ರಾಸ್ ರೆಜಿಮೆಂಟಲ್ ಸೆಂಟರಿನ ತಂಡದಲ್ಲಿ ಆಡತೊಡಗಿದರು. ಮೊದಲು ಅವರು ಗೋಲುರಕ್ಷಕರಾಗಿರಲಿಲ್ಲ. ಎದುರಾಳಿಯ ಗೋಲಿಗೆ ನುಗ್ಗುವ ಸೆಂಟರ್ ಫಾರ್ವರ್ಡ್ ಆಗಿದ್ದರು. ಆಮೇಲೆ ಆ ಸ್ಥಾನವನ್ನು ಬಿಟ್ಟು ಗೋಲುಗಂಬಗಳ ನಡುವೆ ಬಂದು ನಿಂತರು. ಗೋಲು ಹೊಡೆದವನಿಗೆ ಸಿಗುವ ಜಯಕಾರವನ್ನು ಬಿಟ್ಟು, ಗೋಲು ಬಿಟ್ಟವನಿಗೆ ಸಿಗುವ ನಿಂದೆಯ ಸ್ಥಾನಕ್ಕೆ ಬರುವುದು ಸುಲಭದ ಮಾತಲ್ಲ. ಆದರೆ ಅದರಿಂದಲೇ ಅವರ ಭಾಗ್ಯದ ಬಾಗಿಲು ತೆರೆಯಿತು. ಅವರ ತಂಡವು 1955ರಲ್ಲಿಯೂ 1958ರಲ್ಲಿಯೂ ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಮುಂದೆ ಅವರ ನಾಯಕತ್ವದಲ್ಲಿ ಸರ್ವಿಸಸ್ ತಂಡವು ಸಂತೋಷ್ ಟ್ರೋಫಿಯನ್ನೂ ಪಡೆಯಿತು.

ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ. ಅಷ್ಟು ದೊಡ್ಡ ಬಾಗಿಲನ್ನು ಒಬ್ಬ ಮನುಷ್ಯನು ಕಾಯುವುದು ಹೇಗೆ? ಗೆರೆಯ ಮೇಲೆ ನಿಂತು ಚೆಂಡಿಗಾಗಿ ಕಾದರೆ ಆಗದು. ಎದುರಾಳಿಯು ಹತ್ತಿರವಾದಂತೆ ರಕ್ಷಕನೂ ಎರಡು ಹೆಜ್ಜೆ ಮುಂದೆ ಬರಬೇಕು; ಆಗ ಎದುರಾಳಿಯ ಕಣ್ಣಿಗೆ ಗೋಲು ಕಿರಿದಾಗುವುದು. ಆದರೆ ಹೆಚ್ಚು ಮುಂದೆ ಬಂದರೆ ಚೆಂಡು ತಲೆಯ ಮೇಲಿಂದ ಹಾರಿ ಒಳಗೆ ಬೀಳುವುದು. ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಬೇಕು. ತಂಗರಾಜರದು ಆರಡಿಗೂ ಮೀರಿದ ಎತ್ತರ. ಮೇಲೆ ಬಂದ ಚೆಂಡು ಇತರರ ತಲೆಗೆ ತಾಗುವ ಮೊದಲೇ ಅವರ ಕೈ ಸೇರುತ್ತಿತ್ತು. ಆದರೆ ಎತ್ತರವು ದೈವದತ್ತವಾದುದು. ಸರಿಯಾದ ಜಾಗದಲ್ಲಿ ನಿಲ್ಲುವ ವಿವೇಕವನ್ನು ಅವರು ಅಭ್ಯಾಸದಿಂದ ಗಳಿಸಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶವು ಯುಗೋಸ್ಲಾವಿಯದ ಎದುರು 10-1ರಿಂದ ಸೋತು ತಲೆ ತಗ್ಗಿಸಿತ್ತು. ನಾಲ್ಕೇ ವರ್ಷಗಳ ಮೇಲೆ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ರಹೀಮರ ಶಿಷ್ಯರು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೇರಿದರು. ಆ ತಂಡದಲ್ಲಿ ತಂಗರಾಜರೂ ಇದ್ದರು, ಎಸ್. ಎಸ್. ನಾರಾಯಣ್ ಎಂಬ ಇನ್ನೊಬ್ಬ ಸಮರ್ಥ ಗೋಲುರಕ್ಷಕರೂ ಇದ್ದರು. ಒಂದೇ ಸ್ಥಾನ, ಇಬ್ಬರು ಯೋಗ್ಯರು! ಇಂತಹ ಪೈಪೋಟಿಯು ತಂಗರಾಜರಿಗೆ ಜೀವನವಿಡೀ ತಪ್ಪಲಿಲ್ಲ. 1958ರಲ್ಲಿ ಏಷ್ಯಾದ ಶ್ರೇಷ್ಠ ಗೋಲುರಕ್ಷಕರೆಂದು ಅವರು ಹೆಸರಾದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತವು ಬಲಶಾಲಿಯಾದ ಫ್ರಾನ್ಸಿನೊಡನೆ 1-1ರ ಸಮಬಲ ಸಾಧಿಸಿದಾಗ ಗೋಲು ಕಾದವರು ಅವರೇ.

ಅವರ ಬಾಳಿನ ಅತ್ಯಂತ ಕಠಿಣ ದಿನವು 1962ನೆಯ ಸೆಪ್ಟೆಂಬರ್ 4ರಂದು ಬಂದಿತು. ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯ. ಎದುರಾಳಿ ದಕ್ಷಿಣ ಕೊರಿಯ. ಅದೇ ಕೊರಿಯ ತಂಡವು ಮೊದಲ ಸುತ್ತಿನಲ್ಲಿ ಭಾರತವನ್ನು 2-0ಯಿಂದ ಸೋಲಿಸಿತ್ತು. ಇಸ್ರೇಲ್ ಮತ್ತು ತೈವಾನ್ ದೇಶಗಳವರಿಗೆ ಪ್ರವೇಶ ಕೊಡದುದನ್ನು ಭಾರತೀಯ ಪ್ರತಿನಿಧಿ ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ಭಾರತೀಯರ ಮೇಲೆ ಕುಪಿತರಾಗಿದ್ದರು. ತುಂಬಿದ ಕ್ರೀಡಾಂಗಣದಲ್ಲಿ ನಮ್ಮವರು ಚೆಂಡು ಮುಟ್ಟಿದಾಗಲೆಲ್ಲ ಧಿಕ್ಕಾರದ ಕೂಗು ಏಳುತ್ತಿತ್ತು. ಸೆಮಿಫೈನಲಿನಲ್ಲಿ ಗೋಲು ಕಾದವರು ಪ್ರದ್ಯುತ್ ಬರ್ಮನ್. ಅಂತಿಮ ಪಂದ್ಯಕ್ಕೆ ರಹೀಮರು ತಂಗರಾಜರನ್ನು ಕರೆದರು. ಆಡದೆ ಕುಳಿತ ಆಟಗಾರನ ಮನಸ್ಸು ಸಡಿಲವಾಗುವುದು ಸಹಜ, ತಂಗರಾಜರದು ಸಡಿಲವಾಗಿರಲಿಲ್ಲ. ಪಿ. ಕೆ. ಬ್ಯಾನರ್ಜಿಯವರೂ, ತಲೆಗೆ ಗಾಯವಾಗಿದ್ದರೂ ಆಡಿದ ಜರ್ನೈಲ್ ಸಿಂಗರೂ ಒಂದೊಂದು ಗೋಲು ಹೊಡೆದರು. ಕೊನೆಯ ಗಳಿಗೆಗಳಲ್ಲಿ ಕೊರಿಯದವರು ಒಂದು ಗೋಲನ್ನು ಹಿಂದಿರುಗಿಸಿದರು. ಇನ್ನೊಂದು ಬಿದ್ದಿದ್ದರೆ ಗೆಲುವು ಜಾರುತ್ತಿತ್ತು. ಅದು ಬೀಳಲಿಲ್ಲ. 2-1ರಿಂದ ಚಿನ್ನದ ಪದಕ ಭಾರತದ್ದಾಯಿತು. ಕ್ಯಾನ್ಸರ್ ರೋಗಪೀಡಿತರಾಗಿದ್ದ ರಹೀಮರು ಮರುವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡರು. ಶಿಷ್ಯರು ಗುರುವಿಗೆ ಸಲ್ಲಿಸಿದ ಕೊನೆಯ ಕಾಣಿಕೆ ಅದೇ ಪದಕ.

ಸೇನೆಯ ತಂಡವನ್ನು ಬಿಟ್ಟ ಮೇಲೆ ತಂಗರಾಜರು ಕಲಕತ್ತೆಗೆ ಹೋದರು. ಅಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮಹಮಡನ್ ಸ್ಪೋರ್ಟಿಂಗ್ ಎಂಬ ಮೂರು ಮಹಾ ಸಂಘಗಳುಂಟು. ಒಂದರ ಅಭಿಮಾನಿಗೆ ಇನ್ನೊಂದರ ಹೆಸರೆತ್ತಿದರೆ ಆಗದು. ಆ ಮೂರು ಸಂಘಗಳ ಅಂಗಿಯನ್ನೂ ತೊಟ್ಟು ಆಡಿದ ಕೆಲವೇ ಮಂದಿಯಲ್ಲಿ ತಂಗರಾಜರು ಒಬ್ಬರು. ನಿನ್ನೆ ಜಯಕಾರ ಮಾಡಿದವರೇ ಇಂದು ಎದುರು ನಿಂತು ಹಳಿಯುವ ಸ್ಥಿತಿ ಅದು. ಅಂಗಿಯ ಬಣ್ಣ ಬದಲಾಯಿತೇ ಹೊರತು ಕೆಲಸದ ನಿಷ್ಠೆ ಬದಲಾಗಲಿಲ್ಲ. ಇಲ್ಲವಾಗಿದ್ದರೆ ಮೂರು ಸಂಘಗಳೂ ಅವರನ್ನು ಬಯಸುತ್ತಿರಲಿಲ್ಲ. 1964ರ ಏಷ್ಯಾ ಕಪ್ಪಿನಲ್ಲಿ ಭಾರತವು ಎರಡನೆಯ ಸ್ಥಾನ ಪಡೆದಾಗಲೂ ಅವರು ತಂಡದಲ್ಲಿದ್ದರು. 1967ರಲ್ಲಿ ಸರಕಾರವು ಅವರಿಗೆ ಅರ್ಜುನ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಆಟದಿಂದ ನಿವೃತ್ತರಾದ ಮೇಲೆ ಅವರು ತರಬೇತುಗಾರರಾದರು. ಕೊನೆಗೆ ಉಕ್ಕಿನ ನಗರವಾದ ಬೊಕಾರೊದಲ್ಲಿ ನೆಲೆಸಿ, ಅಲ್ಲಿಯ ಹುಡುಗರಿಗೆ ಆಟ ಕಲಿಸಿದರು. 2008ನೆಯ ನವೆಂಬರ್ 24ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಾಲವಾದರು. ಹೈದರಾಬಾದಿನಲ್ಲಿ ಹುಟ್ಟಿದ ಜೀವವು ಊರೂರು ತಿರುಗಿ ಝಾರ್ಖಂಡದ ಮಣ್ಣಿನಲ್ಲಿ ವಿಶ್ರಮಿಸಿತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಹಿರಿಯರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ನಗರಕ್ಕೆ ಬಂದವರು. ನಾಳೆ ನೀವೂ ಬೇರೆ ಬೇರೆ ಊರುಗಳಿಗೆ ಹೋಗಬಹುದು. ಒಮ್ಮೆ ಕರೆ ಬರಬಹುದು, ಒಮ್ಮೆ ಬದಿಯಲ್ಲಿ ಕುಳಿತಿರಬೇಕಾಗಬಹುದು. ಎಲ್ಲಿ ನಿಲ್ಲಿಸಿದರೂ ಆ ಸ್ಥಾನವನ್ನು ನಮ್ಮದೆಂದು ತಿಳಿದು ಕಾಯುವುದು ದೊಡ್ಡ ಗುಣ. ಇನ್ನು ಮೇಲೆ ಆಟದ ಬಯಲಿನಲ್ಲಿ ಯಾರಾದರೂ ನಿಮ್ಮನ್ನು ಗೋಲು ಕಾಯಲು ಕಳುಹಿಸಿದರೆ ಮುಖ ಬಾಡಿಸಬೇಡಿರಿ. ಈ ಊರಿನ ಹುಡುಗನೊಬ್ಬನು ಅಲ್ಲಿಂದಲೇ ಜಕಾರ್ತದವರೆಗೆ ನಡೆದನೆಂಬುದನ್ನು ನೆನೆಯಿರಿ.